ಸಜ್ಜಿಗೆ ಬೇಯದ ನಾಲ್ಕು ದಿನ

ಎಪ್ಪತ್ತರ ದಶಕದ ನಡುವೆ, ನನಗೆ ಇಪ್ಪತ್ತೆರಡಾಗಿದ್ದಾಗ, ಕೊಲ್ಲಮೊಗ್ರಿನಾಚೆ ಕಾಡಿನ ಅಂಚಿನ ಒಂದು ಪ್ರಾಥಮಿಕ ಶಾಲೆಗೆ ಟೀಚರಾಗಿ ಹೋದೆ. ನಾನು ಪುತ್ತೂರು ಪೇಟೆಯವಳು. ನಮ್ಮ ಮನೆಗೆ ಸೌದೆ ಡಿಪೋದಿಂದ ಗಾಡಿಯಲ್ಲಿ ಬರುತ್ತಿತ್ತು. ಡಿಪೋದಾಚೆಗೆ ಅದರ ಕಥೆಯೇನೆಂದು ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ. ಆದರೆ ತರಬೇತಿ ಮುಗಿಸಿ ಬಂದವಳಲ್ಲವೇ, ಜಗತ್ತನ್ನೇ ತಿದ್ದಿಬಿಡುವ ಹುಮ್ಮಸ್ಸು. ಈಗ ನೆನೆದರೆ ನಗು ಬರುತ್ತದೆ, ಆ ದಿನಗಳ ಮೇಲೆ ಆಸೆಯೂ ಆಗುತ್ತದೆ.

ಶಾಲೆಯೆಂದರೆ ಎರಡು ಕೋಣೆ, ಒಂದು ಜಗಲಿ, ಹಿಂದೆ ಸೋಗೆ ಹೊದೆಸಿದ ಅಡುಗೆ ಕೊಟ್ಟಿಗೆ. ಮಧ್ಯಾಹ್ನ ಮಕ್ಕಳಿಗೆ ಅಮೆರಿಕದ ಗೋಧಿಯ ಸಜ್ಜಿಗೆ. ಉಪ್ಪಿಟ್ಟನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ಬೇಯಿಸುವವಳು ಹತ್ತಿರದ ಮನೆಯ ಅಜ್ಜಿ. ಗೋಧಿ ಬರುತ್ತಿತ್ತು, ಎಣ್ಣೆ ಬರುತ್ತಿತ್ತು, ಕಟ್ಟಿಗೆ ಮಾತ್ರ ಯಾರೂ ಕೊಡುತ್ತಿರಲಿಲ್ಲ. ಪ್ರತಿ ಮಗುವೂ ಬರುವಾಗ ದಾರಿಯಿಂದ ಒಂದೊಂದು ಕೋಲು ತಂದು ಕೊಟ್ಟಿಗೆಯ ಬಾಗಿಲಲ್ಲಿ ಹಾಕಬೇಕು, ಇದು ಶಾಲೆಯ ಪದ್ಧತಿ. ಬಗಲಲ್ಲಿ ಸ್ಲೇಟು, ಕೈಯಲ್ಲಿ ಕೋಲು ಹಿಡಿದು ಗುಡ್ಡ ಇಳಿದು ಬರುತ್ತಿದ್ದ ಆ ಸಾಲು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹೆಡ್ಮಾಸ್ಟರು ರಜೆಯಲ್ಲಿದ್ದ ಒಂದು ವಾರ ಶಾಲೆಯೆಲ್ಲ ನನ್ನ ಕೈಗೆ ಬಂತು. ಗೋಧಿಯ ಖಾಲಿ ಚೀಲವನ್ನು ಗೋಡೆಗೆ ತೂಗುಹಾಕಿ ಪಾಠ ಮಾಡಿದೆ. ಅದರ ಮೇಲೆ ಎರಡು ಕೈ ಕುಲುಕುವ ಚಿತ್ರವಿತ್ತು. ಸಮುದ್ರದಾಚೆ ಯಾರೋ ಬೆಳೆದದ್ದು ನಿಮ್ಮ ತಟ್ಟೆಗೆ ಬಂದಿದೆ, ಪ್ರಪಂಚವೆಲ್ಲ ಒಂದೇ ಮನೆ ಎಂದೆ. ಮೂರನೆಯ ತರಗತಿಯ ಒಬ್ಬಳು ಎದ್ದು ನಿಂತಳು. ಕಡ್ಡಿಯಂಥ ಹುಡುಗಿ, ಸಜ್ಜಿಗೆಯನ್ನು ದಿನವೂ ಎರಡು ಸಲ ಹಾಕಿಸಿಕೊಳ್ಳುವವಳು.

“ಅವರು ನಮಗೆ ಗೋಧಿ ಕೊಡುದು. ನಾವು ಅವರಿಗೆ ಎಂತ ಕೊಡುದು ಟೀಚರ್?”

ನಾನು ಉಬ್ಬಿಹೋದೆ. ನಮ್ಮ ಕಾಡು ಉಳಿದರೆ ಮಳೆಯೂ ಗಾಳಿಯೂ ಎಲ್ಲ ದೇಶದವರಿಗೂ ಆಯಿತು, ಕಾಡು ಉಳಿಸುವುದೇ ನಾವು ಕೊಡುವುದು ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾಳೆಯಿಂದ ಯಾರೂ ಕಾಡಿನಿಂದ ಕೋಲು ತರುವುದಿಲ್ಲ ಎಂದು ಇಡೀ ಶಾಲೆಯಿಂದ ಕೈ ಚಾಚಿಸಿ ಪ್ರಮಾಣ ಮಾಡಿಸಿದೆ. ಮೇಲಿನವರಿಗೆ ಒಂದು ಪತ್ರ ಬರೆದರೆ ಕಟ್ಟಿಗೆ ತಾನಾಗಿ ಬರುತ್ತದೆ ಎಂದು ನಂಬಿದ್ದೆ.

ಮರುದಿನ ಮಕ್ಕಳು ಬರಿಗೈಯಲ್ಲಿ ಬಂದರು. ಅಜ್ಜಿ ಸೊಂಟಕ್ಕೆ ಕೈಯಿಟ್ಟು ನನ್ನ ಮುಂದೆ ನಿಂತಳು.

“ಎಂತ ಟೀಚರ್ ಇದು? ಒಲೆಗೆ ನನ್ನ ಕೈಕಾಲು ಇಡುದಾ?”

“ಮರ ಕಡಿಯುವುದು ತಪ್ಪಲ್ಲವಾ ಅಜ್ಜಿ?”

“ಮರ ಕಡಿದದ್ದು ಯಾರು ಮಾರಾಯ್ರೆ? ಹಸಿ ಕಟ್ಟಿಗೆ ಒಲೆಗೆ ಹತ್ತುದುಂಟಾ? ಮಕ್ಕಳು ತರುದು ಬಿದ್ದ ಪುಳ್ಳೆ. ಅಲ್ಲೇ ಬಿಟ್ರೆ ಗೆದ್ದಲು ತಿಂತದೆ.”

ನನ್ನ ಮುಖ ಸಣ್ಣದಾಯಿತು. ತಪ್ಪು ಅಲ್ಲಿಯೇ ಗೊತ್ತಾಯಿತು. ಆದರೆ ನಿನ್ನೆ ಮಾಡಿಸಿದ ಪ್ರಮಾಣವನ್ನು ಇವತ್ತು ಹಿಂದೆ ತೆಗೆದರೆ ಮಕ್ಕಳ ಮುಂದೆ ನನ್ನ ಮರ್ಯಾದೆಯೇನು? “ಒಂದೆರಡು ದಿನ ಸಜ್ಜಿಗೆ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ” ಎಂದುಬಿಟ್ಟೆ. ಅಜ್ಜಿ ಕೊಟ್ಟಿಗೆಯ ಬಾಗಿಲೆಳೆದು ಹೋದಳು.

ಮಧ್ಯಾಹ್ನ ಕೆಲವರು ಬುತ್ತಿ ಬಿಚ್ಚಿದರು, ಹತ್ತಿರದವರು ಮನೆಗೆ ಓಡಿದರು. ಪ್ರಶ್ನೆ ಕೇಳಿದ ಹುಡುಗಿ ಜಗಲಿಯ ಕಂಬಕ್ಕೊರಗಿ ಕೂತಿದ್ದಳು. ನನ್ನ ಬುತ್ತಿಯಿಂದ ಕೊಡಹೋದರೆ “ಹಸಿವಿಲ್ಲ ಟೀಚರ್” ಎಂದು ಎದ್ದು ಬಾವಿಕಟ್ಟೆಗೆ ಹೋಗಿ ನೀರು ಕುಡಿದು ಬಂದಳು. ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳ ಹೊಟ್ಟೆಗೆ ಸರಿಯಾಗಿ ಬೀಳುತ್ತಿದ್ದದ್ದು ಶಾಲೆಯ ಸಜ್ಜಿಗೆಯೊಂದೇ ಎಂದು ನೆರೆಮನೆಯ ಮಕ್ಕಳು ಹೇಳಿದಾಗ ನನಗೆ ನಾಚಿಕೆಯಿಂದ ಕೂತಲ್ಲಿ ಕೂರಲಾಗಲಿಲ್ಲ. ಆದರೂ ಇನ್ನೊಂದು ದಿನ ಕಳೆದೆ. ಹಟವೆಂದರೆ ಅಂಥದ್ದು.

ನಾಲ್ಕನೆಯ ದಿನ ಶಾಲೆ ಬಿಟ್ಟ ಕೂಡಲೇ ತೋಡಿನ ನೀರು ದಾಟಿ ಅವಳ ಮನೆಗೆ ಹೋದೆ. ತಾಯಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಪಕ್ಕದಲ್ಲಿ ಹುಡುಗಿ ಎಲೆ ಕತ್ತರಿಸುತ್ತಿದ್ದಳು. ಅಷ್ಟರಲ್ಲೇ ಕೈ ಪಳಗಿತ್ತು.

“ಅಲ್ಲಿ ತಿನ್ಲಿಕ್ಕೆ ಉಂಟು ಅಂತ ಕಳಿಸ್ತಿದ್ದದ್ದು ಟೀಚರ್,” ಎಂದಳು ತಾಯಿ. ಮಾತಿನಲ್ಲಿ ಸಿಟ್ಟಿರಲಿಲ್ಲ. “ಅದು ನಿಂತ ಮೇಲೆ ಇಲ್ಲೇ ಇರ್ಲಿ. ನಾಲ್ಕು ಎಲೆ ಕತ್ತರಿಸಿದ್ರೆ ನಂಗೂ ಆಯ್ತು.”

“ತಪ್ಪು ನನ್ನದು. ಗೊತ್ತಿಲ್ಲದೆ ಹೇಳಿದೆ, ಗೊತ್ತಾದ ಮೇಲೂ ಹಟ ಹಿಡಿದೆ” ಎಂದೆ. ತಾಯಿಯ ಕೈ ನಿಂತಿತು. ಹುಡುಗಿ ಕತ್ತರಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

“ಹಾಗಾದ್ರೆ ಕೋಲು ತರ್ಬಹುದಾ ಟೀಚರ್?”

“ತಾ ಮಗಾ. ಬಿದ್ದದ್ದೆಲ್ಲ ತಾ.”

ಅವಳು ಮನೆಯ ಹಿಂದಕ್ಕೆ ಓಡಿ, ಬಳ್ಳಿಯಲ್ಲಿ ಬಿಗಿದ ಒಂದು ಹೊರೆಯನ್ನು ನೆಲದ ಮೇಲೆ ಎಳೆದುಕೊಂಡು ಬಂದಳು. ಹೊರೆ ಅವಳಷ್ಟೇ ಉದ್ದವಿತ್ತು.

“ಸಜ್ಜಿಗೆ ನಿಂತ ದಿನವೇ ಹೆಕ್ಕಿ ಇಟ್ಟದ್ದು. ಎಲ್ಲ ಬಿದ್ದದ್ದೇ. ಪ್ರಮಾಣ ಮಾಡಿದ್ದೆನಲ್ಲ, ಅದಕ್ಕೆ ತರ್ಲಿಲ್ಲ.”

ತಾಯಿ ಮೊರದ ಕಡೆ ನೋಡುತ್ತ, ನಾಳೆ ಕಳಿಸುತ್ತೇನೆ ಎಂದಳು. ಹೊರೆಯ ಒಂದು ತುದಿಯನ್ನು ನಾನು ಹಿಡಿದೆ, ಇನ್ನೊಂದನ್ನು ಹುಡುಗಿ. ಶಾಲೆಯವರೆಗೂ ನನಗೆ ತಲೆಯೆತ್ತಿ ಅವಳನ್ನು ನೋಡಲಾಗಲಿಲ್ಲ. ಅಷ್ಟು ಕಟ್ಟಿಗೆ ಮನೆಯ ಹಿಂದೆ ಇಟ್ಟುಕೊಂಡು, ನನಗೆ ಕೊಟ್ಟ ಮಾತಿಗಾಗಿ ಅವಳು ನಾಲ್ಕು ದಿನ ಹಸಿದಿದ್ದಳು.