ಹೊಸ ಭತ್ತದ ಬಟ್ಟಲು

ನಾನು ಚಿಕ್ಕವನಿದ್ದಾಗ ನಮ್ಮ ಅಲೆವೂರಿನ ಮನೆಗೆ ಬರುತ್ತಿದ್ದ ಒಬ್ಬ ಮುದುಕನನ್ನು ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ, ಮಕ್ಕಳೇ. ಊರೂರು ಅಲೆಯುವ ಮನುಷ್ಯ. ನಶ್ಯ ಏರಿಸಿ ಏರಿಸಿ ಅವನ ಮೂಗು ಸದಾ ಕಂದಾಗಿ ಸೋರುತ್ತಿತ್ತು. ಅದನ್ನು ಬೆರಳಿನಿಂದ ಒರೆಸಿ, ಬೆರಳನ್ನು ಪಂಚೆಗೆ ಒರೆಸುತ್ತಿದ್ದ. ಮೈಯಿಂದ ಹಳಸಿದ ಗಂಜಿಯ ವಾಸನೆ. ಬಡವರನ್ನು ಕಂಡು ಹೇಸುವವನು ನಾನಲ್ಲ, ಆದರೆ ಆ ಮೂಗು ಅಸಹ್ಯವೇ.

ಅಪ್ಪನಿಗೆ ಮಾತ್ರ ಬಂದವರಿಗೆ ಬಡಿಸುವುದು ಉಪವಾಸ, ಜಪಮಾಲೆಗಳ ಹಾಗೆ ಒಂದು ವ್ರತ. "ಇಷ್ಟವಾದವರಿಗೆ ಬಡಿಸಲಿಕ್ಕೆ ಕ್ರೈಸ್ತನೇ ಆಗಬೇಕಂತ ಎಂತ ಉಂಟು?" ಎನ್ನುತ್ತಿದ್ದರು.

ಅಂದು ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಅಪ್ಪ ತಂದಿದ್ದರು. ಅದರ ಕಾಳು ಸುಲಿದು, ಅರೆದು, ತೆಂಗಿನ ಹಾಲು, ಬೆಲ್ಲ ಬೆರೆಸಿ, ಒಂದೇ ಬಟ್ಟಲಿನಿಂದ ಮನೆಯಲ್ಲಿದ್ದವರೆಲ್ಲ ಗುಟುಕು ಗುಟುಕಾಗಿ ಕುಡಿಯುವುದು ನಮ್ಮ ಪದ್ಧತಿ. ಹಿರಿಯರು ಮೊದಲು. ಆಮೇಲೆಯೇ ಊಟ. ಅಕ್ಕನ ಮದುವೆಯ ಮಾತು ಮುಗಿಸಲು ಕಾರ್ಕಳದಿಂದ ಹುಡುಗ, ಅವನ ತಾಯಿ ಬಂದಿದ್ದರು. ಅಕ್ಕನಿಗೂ ಹುಡುಗ ಹಿಡಿಸಿದ್ದ. ಅಷ್ಟರಲ್ಲಿ ಅಂಗಳದಿಂದ ಮುದುಕನ ಕೆಮ್ಮು ಕೇಳಿತು.

ಅಪ್ಪ ಅವನನ್ನು ಒಳಗೆ ಕರೆದು ಕೂರಿಸಿದರು. ಇದ್ದವರಲ್ಲಿ ಅವನೇ ಹಿರಿಯ, ಬಟ್ಟಲು ಅವನ ಕೈಗೇ ಹೋಯಿತು. ಸುರ್ರೆಂದು ಹೀರಿದ. ಮೀಸೆ ಒಳಗೆ ಅದ್ದಿತು. ಸಾಲದ್ದಕ್ಕೆ, ತಳದ ಬೆಲ್ಲಕ್ಕೆ ಅದೇ ಬೆರಳು ಹಾಕಿ ತಿರುವಿ ನೆಕ್ಕಿದ.

ಹುಡುಗನ ತಾಯಿ ಸೆರಗಿನಿಂದ ಮೂಗು ಮುಚ್ಚಿದರು. "ಅದನ್ನು ಚೆಲ್ಲಿ ಬೇರೆ ಮಾಡಿ. ಇಂಥವರಿಗೆ ಹೊರಗೆ ಹಾಕಿದರೆ ಸಾಲದಾ?"

ಹುಡುಗ ನೆಲ ನೋಡುತ್ತಾ ಕೂತ. ಅಪ್ಪ ಉತ್ತರ ಕೊಡಲು ಹೊರಟವರು ಅಕ್ಕನ ಮುಖ ನೋಡಿದರು. ವ್ರತ ಅವರದ್ದು, ಮುರಿಯುವ ಮದುವೆ ಅವಳದ್ದು. ಅಕ್ಕನೇ ಎದ್ದು, ಸರದಿ ಬಿಟ್ಟು, ಮುದುಕನ ಕೈಯಿಂದ ಬಟ್ಟಲು ತೆಗೆದುಕೊಂಡು ಕುಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡೇ ನುಂಗಿದಳು.

ಬಂದವರು ಉಣ್ಣದೆ ಬಸ್ಸು ಹತ್ತಿದರು. ಮುದುಕ ಊಟಕ್ಕೆ ಕೂತು ಎರಡೆರಡು ಸಲ ಪಾಯಸ ಹಾಕಿಸಿಕೊಂಡ.

ಸಂಜೆ ಅಕ್ಕ ಬಟ್ಟಲು ತೊಳೆಯುವಾಗ, ಹೇಗಿತ್ತು ಎಂದು ಕೇಳಿದೆ. "ಥೂ, ವಾಂತಿ ಬರುವ ಹಾಗಿತ್ತು ಮಾರಾಯ. ಆದರೂ ನುಂಗಿದೆ. ಆ ಹುಡುಗ ನೆಲ ನೋಡಿದ್ದನ್ನು ನುಂಗಲಿಕ್ಕೆ ಆಗಲಿಲ್ಲ."

ಮುಂದೆ ಅಕ್ಕ ಕಟಪಾಡಿಯ ಬೇರೊಂದು ಮನೆಗೆ ಸೊಸೆಯಾಗಿ ಹೋದಳು. ಈಗ ನಮ್ಮ ಜೊತೆ ಮಣಿಪಾಲದ ಈ ಫ್ಲ್ಯಾಟಿನಲ್ಲಿದ್ದಾಳೆ. ಇಲ್ಲಿ ನೆಲ ಹೊಳೆಯುತ್ತದೆ, ಬಾಗಿಲಲ್ಲಿ ಕ್ಯಾಮೆರಾ ಉಂಟು, ಯಾವ ಮುದುಕನೂ ಗೇಟು ದಾಟುವುದಿಲ್ಲ. ಈ ವರ್ಷದ ತೆನೆ ಹಬ್ಬಕ್ಕೆ ಮನೆಯ ಹಿರಿಯಳು ಅಕ್ಕನೇ. ಅವಳ ಕೈ ನಡುಗುತ್ತದೆ, ಮೂಗು ಸೋರುತ್ತದೆ. ಬಟ್ಟಲು ಅವಳ ಕೈ ಸೇರುವ ಮೊದಲೇ ನೀವೆಲ್ಲ ನಿಮ್ಮ ನಿಮ್ಮ ಪೇಪರ್ ಕಪ್ಪಿಗೆ ಸುರಿದುಕೊಂಡಿರಿ. ನನಗೆ ಆ ಮುದುಕನ ಬೆರಳಿಗಿಂತ ನಿಮ್ಮ ಕಪ್ಪುಗಳನ್ನು ಕಂಡೇ ಹೆಚ್ಚು ಹೇಸಿಗೆಯಾಯಿತು. ಅಕ್ಕ ಒಂದು ಗುಟುಕು ಕುಡಿದು, ವಾಡಿಕೆಯಂತೆ ಬಟ್ಟಲನ್ನು ಮುಂದೆ ಚಾಚಿದಳು. ತೆಗೆದುಕೊಳ್ಳಲು ನಾನೊಬ್ಬನೇ ಇದ್ದೆ.