ಒಂದು ಗಂಟು ಹಳೇ ಅರಿವೆ

ನಮ್ಮ ಮನೆಯಲ್ಲಿ ಒಂದೇ ಒಂದು ಹಳೆಯ ಬಟ್ಟೆ ಇಲ್ಲ. ಮೂರು ತಿಂಗಳ ಹಿಂದಿನವರೆಗೆ ಈ ಮಾತನ್ನು ನಾನು ಎದೆ ಸೆಟೆಸಿ ಹೇಳುತ್ತಿದ್ದೆ. ಈಗ ನಿಮ್ಮೊಬ್ಬರ ಹತ್ತಿರ, ದನಿ ತಗ್ಗಿಸಿ ಹೇಳುತ್ತಿದ್ದೇನೆ.

ಸಿದ್ದಾಪುರದ ಕಡೆಯ ಹೈಸ್ಕೂಲೊಂದರಲ್ಲಿ ನಾನು ಮೂವತ್ತೆರಡು ವರ್ಷ ಡ್ರಿಲ್ ಮಾಸ್ತರನಾಗಿದ್ದೆ. ಸೀಟಿ ಊದಿದರೆ ಇಡೀ ಶಾಲೆ ಗೆರೆ ಎಳೆದ ಹಾಗೆ ನಿಲ್ಲುತ್ತಿತ್ತು. ನಿವೃತ್ತನಾಗಿ ಶಿರಸಿಗೆ ಬಂದ ಮೇಲೆ ಸಾಲಾಗಿ ನಿಲ್ಲಿಸಲು ಚಪ್ಪಲಿ, ಡಬ್ಬಿ, ಹೆಂಡತಿ, ಇಷ್ಟೇ ಉಳಿದವು. ಮೊದಲೆರಡು ನಿಂತವು. ಬಟ್ಟೆಗೂ ನನ್ನದೊಂದು ಕಾನೂನಿತ್ತು: ಕಾಲರು ಸವೆದದ್ದು, ಅಂಚು ಬಿಟ್ಟದ್ದು ದೀಪಾವಳಿಗೆ ಮೊದಲು ಮನೆ ಬಿಡಬೇಕು. ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬುಟ್ಟಿ ಇಳಿಸಿದರೆ ಅರ್ಧ ಗಂಟೆಯಲ್ಲಿ ಕಪಾಟು ಖಾಲಿ. ಹಾಗಾಗಿ ನಮ್ಮ ಅಟ್ಟದ ಮೇಲೆ ಹನ್ನೊಂದು ಬೋಗುಣಿಗಳು ಒಂದರೊಳಗೊಂದು ಕುಳಿತಿವೆ. ಬಳಸಿದ್ದು ಎರಡನ್ನು.

ಮಗಳು ಲತಾ ಚೊಚ್ಚಲ ಹೆರಿಗೆಗೆಂದು ಯಲ್ಲಾಪುರದ ಗಂಡನ ಮನೆಯಿಂದ ಬಂದಳು. ಬರುವಾಗ ಮೊಬೈಲಿನಲ್ಲಿ ಒಂದು ಪಟ್ಟಿ ತಂದಿದ್ದಳು, ಹುಟ್ಟುವ ಮಗುವಿಗೆ ಬೇಕಾದ ನಲವತ್ತಮೂರು ಸಾಮಾನು. ಪಟ್ಟಿ ಎಂದರೆ ನನಗೆ ಪ್ರಾಣ. ಅಳಿಯ ಸಣ್ಣ ಸಂಬಳದ ಮಾಸ್ತರ, ನಾನು ಪಿಂಚಣಿಯವನು. ಹನ್ನೆರಡು ಸಾವಿರದೊಳಗೆ ಎಲ್ಲ ಮುಗಿಯಬೇಕೆಂದು ಘೋಷಿಸಿ ಕೆಂಪು ಪೆನ್ನು ಹಿಡಿದು ಕೂತೆ. ಮಗುವನ್ನು ಕೂರಿಸಿ ತಳ್ಳುವ ಗಾಡಿ: ನಮ್ಮ ಬೀದಿಯ ಇಳಿಜಾರಿನಲ್ಲಿ ಕೈಬಿಟ್ಟರೆ ತಾನೇ ಬಸ್ ಸ್ಟ್ಯಾಂಡು ಮುಟ್ಟೀತು, ಬೇಡ. ಬಾಟಲಿ ಕುದಿಸುವ ಯಂತ್ರ: ಬೋಗುಣಿ ಇದೆ. ಸ್ನಾನದ ಟಬ್ಬು: ದೊಡ್ಡ ಬೋಗುಣಿ ಇದೆ. ಒದ್ದೆ ಕಾಗದವನ್ನು ಬೆಚ್ಚಗಿಡುವ ಪೆಟ್ಟಿಗೆ: ಅದು ಏತಕ್ಕೆಂದು ಮಗಳಿಗೂ ಗೊತ್ತಿರಲಿಲ್ಲ. ಸಂಜೆಯೊಳಗೆ ನಲವತ್ತಮೂರು ಒಂಬತ್ತಕ್ಕಿಳಿಯಿತು. ರಾತ್ರಿಗೆ ಬೇಕೆಂದು ಮಗಳು ಹಟ ಹಿಡಿದದ್ದರಿಂದ ಒಂದು ಕಟ್ಟು ಡೈಪರು ಉಳಿಯಿತು.

ಹೆಂಡತಿ ಸರಸ್ವತಿ ಆ ಒಂಬತ್ತನ್ನೂ ಓದಿ, ಕೆಳಗೆ ಪೆನ್ಸಿಲಿನಲ್ಲಿ ಒಂದೇ ಸಾಲು ಬರೆದಳು: ಹಳೇ ಅರಿವೆ, ಒಂದು ಗಂಟು.

“ಅದೊಂದಿದ್ರೆ ಸಾಕು. ಉಳಿದದ್ದೆಲ್ಲ ಮಗು ಹುಟ್ಟಿದ ಮೇಲೆ ತಂದ್ರೂ ಆಗ್ತು. ಹುಟ್ಟೂಕೆ ಮೊದ್ಲು ಹೊಸ ಬಟ್ಟೆ ಮನೆಗೆ ತರಲಾಗ.”

“ಹಳೇ ಅರಿವೆ ನಮ್ಮನೇಲಿ ಎಲ್ಲಿದ್ದು?” ಎಂದೆ.

“ಅದನ್ನೇ ಆನೂ ಕೇಳ್ತಾ ಇದ್ದಿ. ಮಗೂನ ಬೋಗುಣೀಲಿ ಮಲಗ್ಸದ?”

ಮಗಳು ನಕ್ಕಳು. ನಗುವಾಗ ಹೊಟ್ಟೆ ಹಿಡಿದುಕೊಂಡಳಾದ್ದರಿಂದ ನಾನು ಗದರುವಂತೆಯೂ ಇರಲಿಲ್ಲ.

ಆಮೇಲೆ ಯೋಚಿಸಿದರೆ ಹೆಂಡತಿಯ ಸಾಲಿನಲ್ಲಿ ಅರ್ಥವಿತ್ತು. ಬಾಣಂತಿ ಕೋಣೆಯಲ್ಲಿ ಹಳತಕ್ಕೇ ಮರ್ಯಾದೆ. ಹಳೇ ಅಕ್ಕಿ, ಹಳೇ ಹುಣಸೆ, ಹಳೇ ಬೆಲ್ಲ ಎಂದು ಹುಡುಕಿಕೊಂಡು ಹೋಗುತ್ತೇವೆ. ಹೊಸ ಬಟ್ಟೆಯಲ್ಲಿ ಗಿರಣಿಯ ಗಂಜಿ ಇರುತ್ತದೆ, ಮೊನ್ನೆ ಹುಟ್ಟಿದ ಚರ್ಮಕ್ಕೆ ಅದು ಉಪ್ಪುಕಾಗದ ಉಜ್ಜಿದ ಹಾಗೆ. ನೂರಾರು ಸಲ ನೀರು ಕುಡಿದು ಬಿಸಿಲು ಕಂಡ ಹತ್ತಿ ಮಾತ್ರ ಬೆಣ್ಣೆಯಾಗುತ್ತದೆ. ವಯಸ್ಸಾದಂತೆ ಮೆತ್ತಗಾಗುವುದು ಹತ್ತಿಗೆ ಸಾಧ್ಯ. ಡ್ರಿಲ್ ಮಾಸ್ತರರ ವಿಷಯ ಬೇರೆ.

ಸಾಮಾನು ಎಂದ ಮೇಲೆ ಪೇಟೆಯಲ್ಲಿ ಸಿಗಬೇಕು ಎಂಬುದು ನನ್ನ ತರ್ಕ. ಹಾವೇರಿ ಕಡೆಯಿಂದ ಬಂದು ಇಲ್ಲಿ ಜವಳಿ ಅಂಗಡಿ ಇಟ್ಟವರೊಬ್ಬರನ್ನು ಕೇಳಿದೆ. ಅವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. “ಸರ್ರ, ಹೊಸಾದು ಎಷ್ಟರ ಕೊಡ್ತೇನ್ರಿ. ಹಳೇದು ಅಂಗಡ್ಯಾಗ ಹೆಂಗ ಸಿಗ್ತೈತ್ರಿ? ಅದನ್ನ ನೀವ ಉಟ್ಟು ಮಾಡ್ಬೇಕ್ರಿ!”

ಉಟ್ಟು ಮಾಡುವುದಾದರೆ ಮಾಡಿಯೇಬಿಡೋಣ ಎಂದು, ನನಗೆ ಎಂಬ ಹೆಸರಿನಲ್ಲಿ ನಾಲ್ಕು ಹತ್ತಿ ಪಂಚೆ ತಂದೆ. ವೇಳಾಪಟ್ಟಿ ಗೋಡೆಗೆ ಬಿತ್ತು. ಐದೂವರೆಗೆ ನೆನೆಸುವುದು, ಆರಕ್ಕೆ ಒಗೆಯುವ ಕಲ್ಲಿಗೆ ಐವತ್ತು ಪೆಟ್ಟು, ಎಂಟರಿಂದ ಬಿಸಿಲು, ಸಂಜೆ ಉಟ್ಟು ಎರಡು ಮೈಲಿ ನಡಿಗೆ. ಜೀವಮಾನವೆಲ್ಲ ಇಸ್ತ್ರಿ ಪ್ಯಾಂಟಿನಲ್ಲಿದ್ದವನು ಮುದುಡಿದ ಪಂಚೆಯಲ್ಲಿ ಹೊರಟರೆ ಬೀದಿಯವರು ಯಾರ ಮನೆಯ ತಿಥಿ ಎಂದು ಕೇಳತೊಡಗಿದರು. ಹದಿನೈದನೆಯ ದಿನ ಪಂಚೆಗಳನ್ನು ಮಗಳ ಮುಂದೆ ಇಟ್ಟೆ. ಅವಳು ಕೆನ್ನೆಗೆ ಒತ್ತಿ ನೋಡಿದಳು.

“ಅಪ್ಪಾ, ಇದು ಹಳತಾಯ್ದಿಲ್ಲೆ. ಸುಸ್ತಾಯ್ದು ಅಷ್ಟೇಯ.”

ನೆರೆಹೊರೆಯಲ್ಲಿ ಕೇಳೋಣವೆಂದರೆ ಈಗ ಮೈಮೇಲೆ ಹತ್ತಿ ಉಳಿಸಿಕೊಂಡವರು ಯಾರು? ಪಕ್ಕದ ಮನೆಯವರು ನೈಲಾನಿನ ನೈಟಿ ಎರಡು ಕೊಟ್ಟರು. ನೀರು ಹಾಕಿದರೆ ಕೆಸುವಿನೆಲೆಯ ಮೇಲಿನ ಹಾಗೆ ಜಾರಿಹೋಯಿತು. ನನ್ನ ಹಳೆಯ ಸಹೋದ್ಯೋಗಿಯ ಹತ್ತಿರ ಹಳೇ ಪಂಚೆ ಇದೆಯೇ ಎಂದೆ. ಅವರು ನನ್ನನ್ನು ಒಳಗೆ ಕೂರಿಸಿ, ಪಿಂಚಣಿ ಸರಿಯಾಗಿ ಬರುತ್ತಿದೆಯೇ ಎಂದು ಮೆಲ್ಲಗೆ ವಿಚಾರಿಸಿದರು. ಡಾಕ್ಟರು ಹೇಳಿದ ದಿನಕ್ಕೆ ಮೂರು ವಾರ ಉಳಿದಿತ್ತು. ಉಳಿದ ಒಂಬತ್ತು ಸಾಮಾನು ಯಾವಾಗ ಹೋದರೂ ಸಿಗುತ್ತಿದ್ದವು. ಇದೊಂದಕ್ಕೆ ಶಿರಸಿಯಲ್ಲಿ ಅಂಗಡಿಯೇ ಇಲ್ಲ.

ಎಲ್ಲಿದೆ ಎಂಬುದು ಮೊದಲ ದಿನದಿಂದ ನನಗೆ ಗೊತ್ತಿತ್ತು. ವಾನಳ್ಳಿಯಲ್ಲಿ ನನ್ನ ಅಕ್ಕ ಭವಾನಿ ಇದ್ದಾಳೆ. ಅವಳು ಯಾವುದನ್ನೂ ಬಿಸಾಡಿದವಳಲ್ಲ. ನಾಲ್ಕು ಟ್ರಂಕು ತುಂಬ ಅರಿವೆ. ಪ್ರತಿ ಸಲ ಹೋದಾಗಲೂ, ಚಹಾ ಕುಡಿಯುವ ಮೊದಲೇ, ಇದು ಮನೆಯೋ ಗುಜರಿ ಅಂಗಡಿಯೋ ಎಂದು ಭಾಷಣ ಬಿಗಿದವನು ನಾನು. ಒಮ್ಮೆ ಅವಳಿಲ್ಲದಾಗ ಒಂದು ಟ್ರಂಕನ್ನು ಅಂಗಳಕ್ಕೆ ಎಳೆದಿಟ್ಟು, ಆರು ತಿಂಗಳು ಅವಳ ಮಾತು ಕಳೆದುಕೊಂಡಿದ್ದೆ. ಆ ಮನೆಗೆ ಈಗ ಕೈ ಚಾಚಿಕೊಂಡು ಹೋಗಬೇಕು. ಎರಡು ದಿನ ಮುಂದೂಡಿ, ಮೂರನೆಯ ದಿನ ಬೆಳಗಿನ ಬಸ್ಸು ಹತ್ತಿದೆ.

ಅಕ್ಕ ಜಗಲಿಯಲ್ಲೇ ಕಾಯುತ್ತಿದ್ದಳು. “ಬಾ ತಮಾ. ಎಂತಕ್ಕೆ ಬಂದೆ ಹೇಳಿ ಗೊತ್ತಿದ್ದು. ನಿನ್ನ ಹೆಂಡ್ತಿ ಫೋನ್ ಮಾಡಿತ್ತು. ಆದ್ರೂ ನಿನ್ನ ಬಾಯಲ್ಲೇ ಕೇಳವು ಹೇಳಿ ಆಸೆ.”

“ಸ್ವಲ್ಪ ಹಳೇ ಅರಿವೆ ಬೇಕಾಗಿತ್ತು.”

“ಎಂತ? ಕಿವಿ ಸಮಾ ಕೇಳ್ತಿಲ್ಲೆ. ಸೀಟಿ ಊದಿದ ಹಾಂಗೆ ಜೋರಾಗಿ ಹೇಳು.”

ಜೋರಾಗಿ ಹೇಳಿದೆ. ಅವಳು ತೃಪ್ತಿಯಿಂದ ಎದ್ದು ಟ್ರಂಕು ತೆರೆದಳು. ಭಾವನ ಪಂಚೆಗಳು, ಅವಳವೇ ಹಳೆಯ ಸೀರೆಗಳು, ಎಲ್ಲ ಒಗೆದು ಮಡಚಿ, ನಡುವೆ ಬೇವಿನೆಲೆ. ನನ್ನ ಕಪಾಟಿಗಿಂತ ಅಚ್ಚುಕಟ್ಟಾಗಿತ್ತೆಂದು ಒಪ್ಪಿಕೊಳ್ಳಲೇಬೇಕು. ಎಲ್ಲಕ್ಕಿಂತ ಕೆಳಗಿನಿಂದ ಒಂದು ಅರಿಶಿನ ಬಣ್ಣದ ಚೌಕುಳಿ ಸೀರೆ ಬಂತು. ನಮ್ಮ ಆಯಿಯದು. ತೀರಿಕೊಂಡು ಇಪ್ಪತ್ತೆರಡು ವರ್ಷವಾದ ತಾಯಿ ಬಚ್ಚಲ ಒಲೆಯ ಮುಂದೆ ಕೂತಿರುತ್ತಿದ್ದದ್ದು ಅದನ್ನೇ ಉಟ್ಟು. ಬಣ್ಣ ಹೋಗಿತ್ತು, ಕೈಯಲ್ಲಿ ಹಿಡಿದರೆ ಹಿಡಿದ ಹಾಗೆಯೇ ಅನಿಸಲಿಲ್ಲ.

ಅಕ್ಕ ಅದರ ಅಂಚಿಗೆ ಹಲ್ಲು ಹಾಕಲು ಹೊರಟಳು.

“ಅಕ್ಕಾ, ಅದು ಬ್ಯಾಡ. ಅದನ್ನ ಇಟ್ಗ,” ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹರೀಲೆ ಹೇಳೇ ಅಲ್ದ ಇಟ್ಟಿದ್ದು? ನೀ ಹುಟ್ಟಿದಾಗ ಅಜ್ಜಿ ಸೀರೆ ಹರಿದಿದ್ದು. ಆವಾಗ ನೀ ಎಂತೂ ತಕರಾರು ಮಾಡಿದ್ದಿಲ್ಲೆ. ಹಿಡ್ಕ ಆ ತುದಿ.”

ಹಿಡಿದೆ. ಚರ್ರೆಂದು ಹರಿದಳು. ಅಳತೆಗೆಂದು ನಾನು ಜೇಬಿನಲ್ಲಿ ಟೇಪು ಒಯ್ದಿದ್ದೆ, ತೆಗೆಯಬೇಕಾಗಲಿಲ್ಲ. ಹತ್ತಿ ತನ್ನ ಎಳೆ ಹಿಡಿದು ಗೆರೆ ಎಳೆದಂತೆ ನೆಟ್ಟಗೆ ಸೀಳಿತು. ಏನನ್ನೂ ಬಿಸಾಡದ ಅಕ್ಕ ಎವೆಯಿಕ್ಕದೆ ಹರಿಯುತ್ತಿದ್ದಳು. ವರ್ಷವರ್ಷ ಕಪಾಟು ಖಾಲಿ ಮಾಡಿದ ನಾನು ಪ್ರತಿ ತುಂಡನ್ನೂ ಒಮ್ಮೆ ಸವರಿ ಮಡಚುತ್ತಿದ್ದೆ. ಮಧ್ಯಾಹ್ನದೊಳಗೆ ದೊಡ್ಡದೊಂದು ಗಂಟಾಯಿತು.

ಡಾಕ್ಟರು ಹೇಳಿದ ದಿನಕ್ಕಿಂತ ಒಂಬತ್ತು ದಿನ ಮೊದಲೇ ಮೊಮ್ಮಗಳು ಹುಟ್ಟಿದಳು. ವೇಳಾಪಟ್ಟಿಯ ಬಗ್ಗೆ ಅವಳ ಅಭಿಪ್ರಾಯ ಅಲ್ಲಿಗೇ ತಿಳಿಯಿತು. ಆಸ್ಪತ್ರೆಯ ನರ್ಸಮ್ಮ ಹೊರಗೆ ಬಂದು, “ಮೆತ್ತನ್ನ ಹಳೇ ಬಟ್ಟೆ ತಂದಿದ್ದೀರಾ?” ಎಂದು ಕೇಳಿದಾಗ ಗಂಟು ಎತ್ತಿ ಕೊಟ್ಟೆ.

ಇನ್ನೊಂದು ಮಾತು ಸರಸ್ವತಿಗೆ ಹೇಳಬೇಡಿ. ಆಯಿಯ ಸೀರೆಯ ಒಂದು ತುಂಡನ್ನು ಗಂಟಿಗೆ ಸೇರಿಸದೆ ನನ್ನ ಇಸ್ತ್ರಿ ಅಂಗಿಗಳ ಕೆಳಗೆ ಅಡಗಿಸಿಟ್ಟಿದ್ದೆ. ನೆನಪಿಗೆ ಇರಲಿ ಎಂದು. ಮಗು ಮನೆಗೆ ಬಂದ ಐದನೆಯ ದಿನ ಮೋಡ. ಒಗೆದದ್ದು ಒಣಗಲಿಲ್ಲ, ಗಂಟು ಮುಗಿಯಿತು. ಒಳಗಿನಿಂದ ಹೆಂಡತಿ, “ಒಂದಾದ್ರೂ ಒಣಗಿದ್ದು ಇದ್ದ?” ಎಂದು ಕೂಗಿದಳು. ಒಂದು ನಿಮಿಷ ನಿಂತೆ. ಆಮೇಲೆ ಕಪಾಟು ತೆರೆದು ತಂದುಕೊಟ್ಟೆ.

ಮೊಮ್ಮಗಳು ಅದನ್ನು ಮುಗಿಸಲು ಐದು ನಿಮಿಷವೂ ತೆಗೆದುಕೊಳ್ಳಲಿಲ್ಲ. ನಾನೇ ಒಗೆದು ಸಾಲಿಗೆ ಹಾಕಿದೆ. ಎಲ್ಲ ತುಂಡುಗಳ ಬಣ್ಣವೂ ಈಗ ಒಂದೇ. ನಾನು ಅಡಗಿಸಿಟ್ಟಿದ್ದು ಯಾವುದೆಂದು ಗುರುತು ಸಿಗುವುದಿಲ್ಲ. ನಿಂತು ಹುಡುಕೋಣವೆಂದರೆ ಪುರುಸೊತ್ತಿಲ್ಲ, ಒಳಗಿನಿಂದ ಇನ್ನೊಂದು ಬೇಕೆಂದು ಕರೆ ಬಂದಿದೆ.