ಷಡಕ್ಷರಿಯ ನಲವತ್ತೇಳು ಕುದುರೆಗಳು

ಕೊಳ್ಳೇಗಾಲದ ಜಟಕಾ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಷಡಕ್ಷರಿ ಎಂಬ ಪೇಂಟರ್ ಇದ್ದ. ಊರು ಆಗ ಮದ್ರಾಸಿಗೆ ಸೇರಿತ್ತು. ಅಂಗಡಿಗೊಂದು ಬೋರ್ಡು ಬೇಕೆಂದರೆ ಕನ್ನಡ, ತಮಿಳು, ಇಂಗ್ಲಿಷು ಮೂರರಲ್ಲೂ ಬರೆಯಬೇಕು. ಷಡಕ್ಷರಿಗೆ ಇಂಗ್ಲಿಷು ಓದಲು ಬರುತ್ತಿರಲಿಲ್ಲ, ಬರೆಯಲು ಮಾತ್ರ ಬಲು ಚೆನ್ನಾಗಿ ಬರುತ್ತಿತ್ತು. ಬೋರ್ಡಿನ ಕೆಲಸ ಇಲ್ಲದ ದಿನ ತೀರಿಕೊಂಡವರ ಫೋಟೋ ನೋಡಿಕೊಂಡು ಎಣ್ಣೆಬಣ್ಣದಲ್ಲಿ ಪಟ ಬರೆಯುತ್ತಿದ್ದ. ಸತ್ತವರನ್ನು ಅವರು ಇದ್ದದ್ದಕ್ಕಿಂತ ಕೊಂಚ ಬೆಳ್ಳಗೆ, ಕೊಂಚ ದುಂಡಗೆ ಮಾಡುತ್ತಿದ್ದುದರಿಂದ ಯಾವ ಮನೆಯವರೂ ತಕರಾರು ತೆಗೆದವರಲ್ಲ.

ತಕರಾರು ಇದ್ದದ್ದು ಅವನ ಮಾವ, ಮಾಂಬಳ್ಳಿಯ ಗುರುಪಾದಸ್ವಾಮಿಯದು. ಗುರುಪಾದಸ್ವಾಮಿ ಹೊಲ, ಗದ್ದೆ, ಹಿಪ್ಪುನೇರಳೆ ತೋಟ ಇದ್ದ ಕುಳ. ಬೇಸಾಯದ ಮನೆಯ ಹುಡುಗ ಎಂದು ನಂಬಿ ಮಗಳು ಶಿವರತ್ನಮ್ಮನನ್ನು ಕೊಟ್ಟರೆ, ಆ ಹುಡುಗ ವರ್ಷ ತುಂಬುವುದರೊಳಗೆ ಹೊಲವನ್ನು ಅಣ್ಣನಿಗೆ ಬಿಟ್ಟು ಬಣ್ಣದ ಡಬ್ಬಗಳ ಜೊತೆ ಪೇಟೆ ಸೇರಿದ. ಮಾವ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ. ಅಳಿಯನಿಗೂ ಅದು ಗೊತ್ತಿತ್ತು. ಮಾವನನ್ನು ಒಲಿಸಿಕೊಳ್ಳಲು ಅವನೊಂದು ಉಪಾಯ ಮಾಡಿದ. ಮಾವನ ತಂದೆ ದೊಡ್ಡಮಾದಪ್ಪ ಬಿಳಿ ಕುದುರೆಯ ಮೇಲೆ ಕೂತಿರುವಂತೆ ಬಾಗಿಲಗಲದ ಪಟ ಬರೆದು ಮಾಂಬಳ್ಳಿಯ ನಡುಮನೆಗೆ ತಂದು ತೂಗುಹಾಕಿದ. ಎರಡು ವರ್ಷ ಊರವರೆಲ್ಲ ಅದನ್ನು ನೋಡಿ ತಲೆದೂಗಿದರು. ಮಾವ ಅಳಿಯನನ್ನು ‘ಬಾಪ್ಪಾ’ ಎಂದು ಕರೆಯುವ ಮಟ್ಟಕ್ಕೆ ಬಂದ.

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಆ ಮನೆಯಲ್ಲೊಂದು ಮದುವೆ. ಕೊಳ್ಳೇಗಾಲದಿಂದ ನೆಂಟರನ್ನು ತಂದಿಳಿಸಿದ ಜಟಕಾದವನು ಚಿಕ್ಕಸಿದ್ದಯ್ಯ ಜಗಲಿಯ ಅಂಚಿನಲ್ಲಿ ಊಟಕ್ಕೆ ಕಾಯುತ್ತ ಕೂತಿದ್ದ. ತೆರೆದ ಬಾಗಿಲಲ್ಲಿ ಪಟ ಕಾಣುತ್ತಿತ್ತು. ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ, ಆಮೇಲೆ ತಡೆಯಲಾರದೆ ನಕ್ಕುಬಿಟ್ಟ.

"ಅಲ್ಲ ಬುದ್ಧಿ, ದೊಡ್ಡೋರು ಕೂತಿರಾದು ಕುದ್ರ ಮ್ಯಾಲೋ ಎತ್ತಿನ ಮ್ಯಾಲೋ? ಗೊರಸು ಸೀಳ್ಯದಲ್ಲ!"

ಮದುವೆಯ ಜನವೆಲ್ಲ ಎದ್ದು ಬಂದು ಪಟದ ಕೆಳಗೆ ನಿಂತಿತು. ನಿಜ. ನಾಲ್ಕು ಕಾಲಿಗೂ ಎತ್ತಿನ ಹಾಗೆ ಎರಡೆರಡು ಸೀಳಿನ ಗೊರಸು. ಹುಟ್ಟಿದಾಗಿನಿಂದ ಎತ್ತಿನ ಬಾಲ ಹಿಡಿದು ಬೆಳೆದವನು ಕೈಗೆ ಬಂದ ಕಾಲನ್ನು ಬರೆದಿದ್ದ. ಎತ್ತಿನ ಬಾಲ ಹಿಡಿದೇ ಬೆಳೆದ ಊರು ಎರಡು ವರ್ಷ ಅದನ್ನು ಮೆಚ್ಚಿಕೊಂಡಿತ್ತು. ಆದರೆ ನಗುವಾಗ ಊರಿಗೆ ಅದು ನೆನಪಾಗಲಿಲ್ಲ. ಬೀಗರ ಎದುರು ಗುರುಪಾದಸ್ವಾಮಿಯ ಮುಖ ಇಂಗು ತಿಂದ ಮಂಗನಂತಾಯಿತು.

"ನೋಡಪ್ಪ ಷಡಕ್ಷರಿ," ಎಂದ ಮಾವ, "ನೀ ನಮ್ಮಪ್ಪನ್ನ ಊರ ಮುಂದ ನಗಪಾಟಲು ಮಾಡ್ದ. ಸಾಕು. ಎರಡೆಕರೆ ಇಪ್ಪನೇರಳ ತ್ವಾಟ ಅದ. ಬಂದು ಹುಳಕ್ಕ ಸೊಪ್ಪಾಕು. ಆ ಕಡ್ಡಿ ಬಿಸಾಕು."

ಷಡಕ್ಷರಿಗೆ ಸಿಟ್ಟು ಬಂದರೆ ತಡೆಯುವ ಅಭ್ಯಾಸವಿರಲಿಲ್ಲ. ಕೊರಳಲ್ಲಿದ್ದ ಕರಡಿಗೆಯನ್ನು, ಒಳಗಿನ ಲಿಂಗದ ಸಮೇತ, ಮುಷ್ಟಿಯಲ್ಲಿ ಹಿಡಿದ.

"ದಿನಕ್ಕೊಂದು ಕುದ್ರ ಬರೀತೀನಿ ಮಾವ. ನನ್ ಕೈಯಾರ, ಎಣ್ಣಬಣ್ಣದಲ್ಲಿ. ಒಂದು ಮಂಡಲ, ನಲ್ವತ್ತೆಂಟು ದಿನ. ದೀಪ ಅಚ್ಚಾದ್ರೊಳಗ ಮುಗೀಬೇಕು. ಇದೇ ಚಿಕ್ಕಸಿದ್ದಯ್ಯ ಬಂದು ನೋಡ್ಲಿ. ಒಂದೇ ಒಂದ್ ದಿನ ತಪ್ಪುದ್ರೂ ಸಾಯಗಂಟ ಬ್ರಷ್ಷು ಮುಟ್ಟಾಕಿಲ್ಲ. ಲಿಂಗದಾಣ."

"ತಪ್ಪುಸ್ದೆ ಮುಗಿಸು, ನಾ ಇನ್ನ ಬಾಯಿ ಬುಡಾಕಿಲ್ಲ," ಎಂದ ಮಾವ. ಅವನ ದನಿ ತಗ್ಗಿತ್ತು. ಲಿಂಗ ಮುಟ್ಟಿ ಆಡಿದ ಮಾತನ್ನು ಲಿಂಗ ಕಟ್ಟಿದ ಜನರಲ್ಲಿ ಹಿರಿಯರೂ ಬಿಡಿಸುವಂತಿಲ್ಲ, ಗುರುಗಳೂ ಬಿಡಿಸುವಂತಿಲ್ಲ. ಆಡಿದವನು ಹೊತ್ತುಕೊಂಡು ತಿರುಗಬೇಕು, ಅಷ್ಟೆ.

ಹೀಗೆ ಒಂದು ಸೋಮವಾರ ಕುದುರೆಗಳು ಶುರುವಾದವು. ಷಡಕ್ಷರಿಯ ಹತ್ತಿರ ಮೊಳದುದ್ದದ ಆರು ಹಲಸಿನ ಹಲಗೆಗಳಿದ್ದವು. ಎಣ್ಣೆಬಣ್ಣ ದಿನದಲ್ಲಿ ಒಣಗುವ ಸಾಮಾನಲ್ಲ. ಆರು ದಿನ ಆರು ಹಲಗೆ, ಏಳನೆಯ ದಿನ ಮೊದಲನೆಯದನ್ನು ಕೆರೆದು ಅದರ ಮೇಲೆ ಹೊಸ ಕುದುರೆ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಅಗಸೆ ಎಣ್ಣೆಯಲ್ಲಿ ಬಣ್ಣ ಅರೆಯಲು ಕೂತರೆ ಮನೆಯೆಲ್ಲ ಟರ್ಪೆಂಟೈನು ವಾಸನೆ. ರೊಟ್ಟಿಯೂ ಅದೇ ವಾಸನೆ ಹೊಡೆಯುತ್ತದೆ ಎಂದು ಶಿವರತ್ನಮ್ಮ ಗೊಣಗುತ್ತಿದ್ದಳು. ಮಧ್ಯಾಹ್ನ ಬಾಡಿಗೆ ಇಲ್ಲದ ಹೊತ್ತು ಚಿಕ್ಕಸಿದ್ದಯ್ಯ ತನ್ನ ಬೂದುಬಣ್ಣದ ಹೆಣ್ಣುಕುದುರೆಯನ್ನು ತಂದು ಮನೆಯ ಮುಂದಿನ ಹೊಂಗೆಮರಕ್ಕೆ ಕಟ್ಟುತ್ತಿದ್ದ. ಮದುವೆಮನೆಯಲ್ಲಿ ನಕ್ಕದ್ದಕ್ಕೆ ಅವನಿಗೇ ನಾಚಿಕೆಯಾಗಿತ್ತು. ಆದರೆ ಕುದುರೆಯ ವಿಷಯದಲ್ಲಿ ಸುಳ್ಳು ಹೇಳುವಷ್ಟು ನಾಚಿಕೆಯಾಗಿರಲಿಲ್ಲ.

ಗೊರಸನ್ನು ಷಡಕ್ಷರಿ ಮೊದಲ ದಿನವೇ ತಿದ್ದಿಕೊಂಡ. ಎತ್ತು ಬೇರೆ ಕಡೆಯಿಂದ ನುಗ್ಗಿತು. ಒಂದು ದಿನ ಕುದುರೆಯ ಕೊರಳಡಿ ಗಂಗೆದೊಗಲು ಜೋತುಬಿದ್ದಿತ್ತು. ಇನ್ನೊಂದು ದಿನ ಭುಜದ ಮೇಲೆ ಹಿಣಿಲಿನ ಉಬ್ಬು. ಬಾಲ ತಳದವರೆಗೆ ಸಣ್ಣಗಾಗಿ ತುದಿಯಲ್ಲಿ ಕುಚ್ಚು ಕಟ್ಟಿಕೊಂಡ ದಿನ ಚಿಕ್ಕಸಿದ್ದಯ್ಯ ತನ್ನ ಕುದುರೆಯ ಬಾಲವನ್ನು ಕೈಯಲ್ಲಿ ಹಿಡಿದು ತೋರಿಸಿ ಹೊರಟುಹೋದ. ಇಪ್ಪತ್ತನೆಯ ದಿನ ಷಡಕ್ಷರಿ ಜಂಬದಿಂದ ಹೊಸ ಭಂಗಿ ಹಿಡಿದ. ಮಲಗಿದ್ದ ಕುದುರೆ ಏಳುತ್ತಿದೆ.

"ಇಂಗಾಲು ಮೊದ್ಲು ಎತ್ತಿ ಏಳಾದು ದನ ಸಾ," ಎಂದ ಚಿಕ್ಕಸಿದ್ದಯ್ಯ. "ಕುದ್ರ ಮುಂಗಾಲು ಊರ್ಕಂಡು ಏಳ್ತದ. ನೀವು ಇನ್ನೂ ಕೊಟ್ಗೇಲೇ ಇದ್ದೀರಿ."

ಶಿವರತ್ನಮ್ಮ ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೆ ಚಿತ್ರದಲ್ಲಿ ಆಸಕ್ತಿ ಇತ್ತೆಂದು ಹೇಳಲಾಗದು. ಕುದುರೆಗೆ ನೀರು ಇಡುವುದು, ಹುರುಳಿ ಬೇಯಿಸಿದ ಕಟ್ಟು ಮಿಕ್ಕರೆ ಸುರಿಯುವುದು, ಅದರ ಹಣೆ ಉಜ್ಜುವುದು ಇಷ್ಟು ಮಾತ್ರ ಮಾಡುತ್ತಿದ್ದಳು. ಗಂಡ ಆರಡಿ ದೂರದಲ್ಲಿ ಕಣ್ಣು ಕಿರಿದು ಮಾಡಿ ಕೂತರೆ ಇವಳು ಅದರ ಕಿವಿಯ ಪಕ್ಕದಲ್ಲೇ ನಿಂತಿರುತ್ತಿದ್ದಳು. ತವರಿನ ತೋಟಕ್ಕೆ ಹಿಂತಿರುಗುವ ಆಸೆ ಅವಳಿಗೆ ಕಿಂಚಿತ್ತೂ ಇರಲಿಲ್ಲ. ಅಲ್ಲಿ ಅವಳು ಹನ್ನೆರಡು ವರ್ಷ ರೇಷ್ಮೆಹುಳಕ್ಕೆ ಸೊಪ್ಪು ಹಾಕಿದ್ದಳು. ಮತ್ತೆ ಅದೇ ತಟ್ಟೆ, ಅದೇ ವಾಸನೆ, ಅದೇ ಅಪ್ಪನ ಗದರಿಕೆ ಎಂದರೆ ಅವಳಿಗೆ ಜೀವ ಹಿಂಡಿದಂತಾಗುತ್ತಿತ್ತು.

ಮೂವತ್ತೊಂದನೆಯ ದಿನ ಬೆಳಿಗ್ಗೆ ಷಡಕ್ಷರಿಗೆ ಚಳಿಜ್ವರ ಬಂತು. ಆ ಸೀಮೆಯಲ್ಲಿ ಅದು ಹೇಳಿ ಕೇಳಿ ಬರುವ ನೆಂಟನಲ್ಲ. ಮೂರು ಕಂಬಳಿ ಹೊದ್ದರೂ ಮಂಚ ನಡುಗುತ್ತಿತ್ತು. ಹೇಗೋ ಎದ್ದು ಗೋಡೆ ಹಿಡಿದುಕೊಂಡು ಹಲಗೆಯ ಹತ್ತಿರ ಹೋದ. ಬ್ರಷ್ಷು ಹಿಡಿದ ಕೈ ಹಲಗೆಯ ಹೊರಗೆಲ್ಲ ಗೀಚಿತು. ಎರಡನೆಯ ಸಲ ಎದ್ದಾಗ ಬಿದ್ದುಬಿಟ್ಟ. ಶಿವರತ್ನಮ್ಮ ಅವನನ್ನು ಎತ್ತಿ ಮಲಗಿಸಿದಳು. ಆಮೇಲೆ ಅವನಿಗೆ ಎಚ್ಚರವಾದದ್ದು ಸಂಜೆ, ಚಿಕ್ಕಸಿದ್ದಯ್ಯನ ದನಿ ಕೇಳಿ.

"ಇದು ಸಾ ಕುದ್ರ! ಒಂದು ಇಂಗಾಲ ಸಡ್ಲ ಬುಟ್ಟು ನಿಂತದ ನೋಡಿ. ನನ್ನ ಕುದ್ರ ದಣ್ದಾಗ ಇಂಗೇ ನಿಲ್ತದ. ಎತ್ತು ಇಂಗ ನಿಂತದ್ದ ಯಾರಾದ್ರೂ ನೋಡಿದ್ದಾರಾ? ಮೂವತ್ತು ದಿನಕ್ಕ ಇವತ್ತು ಕೊಟ್ಗ ಬುಟ್ಟು ಆಚ್ಗ ಬಂದ್ರಿ!"

ಜ್ವರ ಎಂದು ಹೇಳಿ ಶಿವರತ್ನಮ್ಮ ಅವನನ್ನು ಕಳಿಸಿದಳು. ಹಲಗೆಯನ್ನು ತಂದು ಮಂಚದ ಎದುರು ಒರಗಿಸಿಟ್ಟಳು. ಷಡಕ್ಷರಿ ಹಲಗೆಯನ್ನು ನೋಡಿದ, ಮೊಣಕೈವರೆಗೆ ಬೂದುಬಣ್ಣ ಮೆತ್ತಿಕೊಂಡಿದ್ದ ಹೆಂಡತಿಯನ್ನು ನೋಡಿದ.

"ನೀನಾ?"

"ಇನ್ಯಾರು? ಸುಮ್ಕ ಮಲೀಕಳಿ. ಯಾರ್ಗೂ ಗೊತ್ತಿಲ್ಲ."

ಅವನು ಕಂಬಳಿ ಎಳೆದುಕೊಂಡ. ಮಾರನೆಯ ದಿನ ಜ್ವರ ಇಳಿಯಿತು. ಮೂವತ್ತೆರಡನೆಯ ಕುದುರೆ ಬರೆದ, ಮೂವತ್ತಮೂರನೆಯದನ್ನೂ ಬರೆದ. ಅವು ಅವನ ಹಿಂದಿನ ಕುದುರೆಗಳಿಗಿಂತ ಚೆನ್ನಾಗಿದ್ದವು, ಅವಳದಕ್ಕಿಂತ ಕಳಪೆಯಾಗಿದ್ದವು. ಅವನು ಕಸುಬು ಬಲ್ಲವನು, ಅದು ಅವನಿಗೆ ತಿಳಿಯುತ್ತಿತ್ತು. ಮೂವತ್ತೇಳನೆಯ ದಿನ ಆ ಹಲಗೆಯನ್ನು ಕೆರೆಯುವ ಸರದಿ. ಚಾಕು ತೆಗೆದುಕೊಂಡು ಅದರ ಮುಂದೆ ಒಂದು ಗಳಿಗೆ ಕೂತ. ಕೆರೆಯಲು ಮನಸ್ಸಾಗದೆ ಅದನ್ನು ಬದಿಗಿಟ್ಟು ಉಳಿದ ಐದರಲ್ಲೇ ಸುಧಾರಿಸಿದ. ತನ್ನ ಮಂಡಲ ಮುರಿದಿದೆ ಎಂಬುದು ಅವನಿಗೆ ಪ್ರತಿದಿನ ಪೂಜೆಗೆ ಕೂತಾಗ ನೆನಪಾಗುತ್ತಿತ್ತು. ಎದ್ದ ಮೇಲೆ ಮರೆತವನಂತೆ ಬಣ್ಣ ಅರೆಯುತ್ತಿದ್ದ. ಬ್ರಷ್ಷು ಬಿಟ್ಟು ಬದುಕುವುದು ಹೇಗೆಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಹೆದರಿಕೆಯಾಗಿತ್ತು, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದ.

ನಲವತ್ತೆಂಟನೆಯ ಸಂಜೆ ಗುರುಪಾದಸ್ವಾಮಿ ಕಮಾನುಗಾಡಿ ಕಟ್ಟಿಸಿಕೊಂಡು ಬಂದ. ನಿಜ ಹೇಳಬೇಕೆಂದರೆ ಸೋಲಲು ಸಿದ್ಧನಾಗಿಯೇ ಬಂದಿದ್ದ. ದಿನಕ್ಕೊಂದು ಕುದುರೆಯ ಸುದ್ದಿ ಯಳಂದೂರು, ಹನೂರುಗಳ ತನಕ ಹಬ್ಬಿ, ಸಂತೆಯಲ್ಲಿ ಅವನನ್ನು ‘ಕುದುರೆ ಷಡಕ್ಷರಿಯ ಮಾವ’ ಎಂದು ಜನ ಗುರುತಿಸತೊಡಗಿದ್ದರು. ಅದು ಅವನಿಗೆ ಬೇಡವಾಗಿಯೇನೂ ಇರಲಿಲ್ಲ. ಗೋಡೆಗೆ ಒರಗಿಸಿದ್ದ ಆರು ಹಲಗೆಗಳ ಮುಂದೆ ಕೈಕಟ್ಟಿ ನಿಂತ.

"ಯಾವ್ದು ಮೇಲು ಯೋಳ್ಲಾ," ಎಂದು ಚಿಕ್ಕಸಿದ್ದಯ್ಯನನ್ನು ಕೇಳಿದ.

ಚಿಕ್ಕಸಿದ್ದಯ್ಯ ಯೋಚಿಸಲೇ ಇಲ್ಲ. "ಈ ಸಡ್ಲ ಕಾಲಿಂದು ಬುದ್ಧಿ. ಮಿಕ್ಕವು ಕುದ್ರ ಪಟ. ಇದು ಕುದ್ರ."

"ಅಂಗಾರ ಇದ್ನೇ ತಕಂಡೋಯ್ತೀನಿ. ಅಪ್ಪನ ಪಟದ ಪಕ್ಕದಲ್ಲಿ ಇರ್ಲಿ. ನಿನ್ನೆಸ್ರು ಬರ್ದುಕೊಡಪ್ಪ," ಎಂದ ಮಾವ. ಅವನ ದನಿಯಲ್ಲಿ ಹೆಮ್ಮೆ ಇತ್ತು. ಹತ್ತು ವರ್ಷದಲ್ಲಿ ಅಳಿಯನ ಪಾಲಿಗೆ ಅಂಥದ್ದು ಬಂದಿರಲಿಲ್ಲ.

ಪ್ರತಿ ಪಟದ ಬಲಮೂಲೆಯಲ್ಲಿ ಷಡಕ್ಷರಿ ತನ್ನ ಹೆಸರು ಬರೆಯುತ್ತಿದ್ದ. ಸಣ್ಣ ಬ್ರಷ್ಷನ್ನು ಕಪ್ಪಿಗೆ ಅದ್ದಿದ. ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೂಲೆಯ ಹತ್ತಿರ ಕೈ ತಂದ. ನಾಲ್ಕಕ್ಷರ ಬರೆದರೆ ಮಾವ ಬಾಯಿ ಮುಚ್ಚುತ್ತಾನೆ, ಬ್ರಷ್ಷು ಉಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅವನು ಆ ಸಡಿಲ ಕಾಲನ್ನು ನೋಡಿದ. ಇಂಥ ಕಾಲನ್ನು ತಾನು ನಲವತ್ತೇಳು ದಿನದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಕಾಣದ್ದಕ್ಕೆ ಹೆಸರು ಹಾಕಲು ಕೈ ಮುಂದೆ ಹೋಗಲಿಲ್ಲ.

"ಇದು ನಾ ಬರ್ದದ್ದಲ್ಲ ಮಾವ. ಆವತ್ತು ಜ್ವರ. ಬರ್ದೋಳು ನಿಮ್ಮ ಮಗ್ಳು."

ಒಳಗೆ ಪಾತ್ರೆಯ ಸದ್ದು ನಿಂತಿತು. ಶಿವರತ್ನಮ್ಮ ಸೆರಗು ಸಿಕ್ಕಿಸಿಕೊಂಡೇ ಹೊರಗೆ ಬಂದಳು.

"ನಿಮ್ಮನ್ನ ಯಾರು ಕೇಳುದ್ರು? ಬಾಯಿ ಬುಡಿ ಅಂತ ಯಾರು ಕೇಳುದ್ರು?" ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅದು ದುಃಖಕ್ಕಿಂತ ಸಿಟ್ಟಿನದು.

ಗುರುಪಾದಸ್ವಾಮಿ ಜ್ವರದ ದಿನ ಲೆಕ್ಕಕ್ಕಿಲ್ಲ ಎನ್ನಲು ಬಾಯಿ ತೆರೆದ. ಅಳಿಯನ ಎದೆಯ ಮೇಲಿನ ಕರಡಿಗೆ ಕಣ್ಣಿಗೆ ಬಿತ್ತು, ಬಾಯಿ ಮುಚ್ಚಿದ. ಷಡಕ್ಷರಿ ಬ್ರಷ್ಷನ್ನು ನೆಲದ ಮೇಲಿಟ್ಟ.

"ಸೋಮಾರ ಗಾಡಿ ಕಳುಸ್ತೀನಿ," ಎಂದ ಮಾವ ಮೆಲ್ಲಗೆ. "ಸಾಮಾನು ಕಟ್ಕಳಿ."

"ಯಾಕ ಕಟ್ಬೇಕು?" ಎಂದಳು ಶಿವರತ್ನಮ್ಮ. "ಆಣ ಮಾಡಿದ್ದು ಅವ್ರು. ಬ್ರಷ್ಷು ಬುಡೋರು ಅವ್ರು. ನಾ ಯಾವ ಆಣನೂ ಮಾಡ್ನಿಲ್ಲವಲ್ಲಪ್ಪ."

"ಎಣ್ಣೆಂಗ್ಸು ಬೀದೀಲಿ ಕೂತು ಬೋರ್ಡು ಬರ್ದಾಳಾ?"

"ದಿನಾ ಬೀದೀಲಿ ಕೂತೇ ರಂಗೋಲಿ ಬರೀತೀನಿ. ಅದ ಯಾರೂ ಕೇಳ್ನಿಲ್ಲ."

ಅವಳು ನೆಲದ ಮೇಲಿದ್ದ ಬ್ರಷ್ಷನ್ನು ಎತ್ತಿಕೊಂಡಳು. ಮೂರನೇ ಕ್ಲಾಸಿನವರೆಗೆ ಕಲಿತಿದ್ದ ಅಕ್ಷರಗಳನ್ನು ನೆನಪು ಮಾಡಿಕೊಂಡು ಹಲಗೆಯ ಮೂಲೆಯಲ್ಲಿ ತನ್ನ ಹೆಸರನ್ನು ಒಂದೊಂದಾಗಿ ಬರೆದಳು. ಬಣ್ಣ ಜಾಸ್ತಿಯಾಗಿ ಒತ್ತಕ್ಷರ ಇಳಿಯತೊಡಗಿತು. "ಡಬ್ಬದ ಅಂಚಿಗೆ ಒರೆಸ್ಕೊ," ಎಂದ ಷಡಕ್ಷರಿ. ಗುರುಪಾದಸ್ವಾಮಿ ಇಬ್ಬರನ್ನೂ ನೋಡಿ, ಹಲಗೆಯನ್ನು ಅಲ್ಲೇ ಬಿಟ್ಟು, ಗಾಡಿ ಹತ್ತಿದ. ನಾಲ್ಕು ವರ್ಷ ಆ ಮನೆಗೆ ಕಾಲಿಡಲಿಲ್ಲ.

ಮೊದಮೊದಲು ಯಾರೂ ಅವಳಿಗೆ ಕೆಲಸ ಕೊಡಲಿಲ್ಲ. ಜಟಕಾಗಳ ಪಕ್ಕದ ಹಲಗೆಗೆ ಕುದುರೆ ಬರೆಸಲು ಮೊದಲು ಬಂದವನು ಚಿಕ್ಕಸಿದ್ದಯ್ಯ. ಅವನ ಹಿಂದೆ ಸ್ಟ್ಯಾಂಡಿನವರು ಬಂದರು, ನಿಧಾನವಾಗಿ ಅಂಗಡಿಯವರೂ ಬಂದರು. ಷಡಕ್ಷರಿ ಬಣ್ಣ ಅರೆಯುತ್ತಿದ್ದ, ಏಣಿ ಹಿಡಿಯುತ್ತಿದ್ದ. ತಮಿಳು, ಇಂಗ್ಲಿಷು ಅಕ್ಷರಗಳನ್ನು ಏಣಿಯ ಬುಡದ ಮಣ್ಣಿನಲ್ಲಿ ಬೆರಳಿಂದ ಬರೆದು ತೋರಿಸಿದರೆ ಅವಳು ಮೇಲಿನಿಂದ ನೋಡಿಕೊಂಡು ಬೋರ್ಡಿಗೆ ಇಳಿಸುತ್ತಿದ್ದಳು. ಅವಳ ಗೆರೆ ಸೊಟ್ಟಗಾದಾಗ ಅವನ ಬಲಗೈ ತಾನಾಗಿ ಮೇಲೇಳುತ್ತಿತ್ತು. ಆಗ ಅವನಿಗೆ ನೋಯುತ್ತಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗುತ್ತಿರಲಿಲ್ಲ. ಕೈಯನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದ.

ಬಹಳ ವರ್ಷ ಕಳೆದ ಮೇಲೆ ಬೋರ್ಡು ಬರೆಸಲು ಬಂದ ರೇಷ್ಮೆ ವ್ಯಾಪಾರಿಯೊಬ್ಬ ಅವನನ್ನು ಕೆದಕಿದ. ಆವತ್ತು ಒಂದು ಹೆಸರು ಗೀಚಿಬಿಟ್ಟಿದ್ದರೆ ಇವತ್ತು ಏಣಿಯ ಮೇಲೆ ನೀನೇ ಇರುತ್ತಿದ್ದೆಯಲ್ಲ ಎಂದ.

"ನಾನೇ ಇರ್ತಿದ್ದಿ," ಎಂದ ಷಡಕ್ಷರಿ. "ಸೀಳ್ಗೊರಸು ಬರ್ಕಂಡು ಇರ್ತಿದ್ದಿ."

ಮೇಲಿನಿಂದ ಶಿವರತ್ನಮ್ಮ ಕಪ್ಪು ಕೇಳಿದಳು. ಅವನು ಬ್ರಷ್ಷನ್ನು ಮುಟ್ಟದೆ ಡಬ್ಬವನ್ನು ಮಾತ್ರ ಎತ್ತಿ ಕೊಟ್ಟ.